ನಮ್ಮೂರಿನ ಹೆಂಗಸರು ವ್ಯಾಪಾರ ಶುರು ಮಾಡಲು ನನ್ನ ಹತ್ತಿರ ಇರುವ 50,000 ರೂಪಾಯಿ ಹೇಗೆ ಕೊಡಲಿ?

ಅಂಕೋಲಾ ಹತ್ತಿರದ ನಿಮ್ಮೂರಲ್ಲಿ ನಾಲ್ಕು ಮನೆಯ ಹೆಂಗಸರು ಸ್ವಂತ ವ್ಯಾಪಾರಕ್ಕೆ ಇಳಿಯಬೇಕು ಅಂತಿದ್ದಾರೆ, ದುಡ್ಡು ದಾನ ಕೊಡಲೋ ಸಾಲ ಕೊಡಲೋ ಎಂದು ಕೇಳಿದ್ದೀರಿ. ಸಾಲವಾಗಿಯೇ ಕೊಡಿ, ಬಡ್ಡಿ ಬೇಡ. ಆದರೆ ವಾಪಸ್ ಯಾವಾಗ ಕೇಳ್ತೀರಿ ಅನ್ನೋದನ್ನು ಮೊದಲು ಯೋಚನೆ ಮಾಡಿ.

ನಾನು ಶಿರಸಿ ಕಡೆಯವಳು. ಎಂಟು ವರ್ಷದಿಂದ ನಮ್ಮ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದೇನೆ. ಸಂಘದ ಒಬ್ಬರು ಹಲಸಿನ ಹಪ್ಪಳ ಮಾಡುತ್ತಾರೆ. ಬೆಳೆದ ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಬಿಸಿ ಆರುವ ಮೊದಲೇ ಒರಳಿನಲ್ಲಿ ಕುಟ್ಟಬೇಕು. ಕೈಗೆಲ್ಲ ಮೇಣ. ಆಮೇಲೆ ಅಂಗಳದ ಚಾಪೆಯ ಮೇಲೆ ಬಿಸಿಲು. ಮೋಡ ಕಂಡರೆ ಊಟದ ತಟ್ಟೆ ಬಿಟ್ಟು ಓಡಬೇಕು. ಖರ್ಚೆಲ್ಲ ಏಪ್ರಿಲ್, ಮೇನಲ್ಲಿ. ಒಳ್ಳೆ ಬೆಲೆ ಬರೋದು ಜಡಿಮಳೆ ಹಿಡಿದ ಮೇಲೆ.

ಒಂದು ವರ್ಷ ಇವರು ವಾರದ ಕಂತಿನ ಸಾಲ ತಗೊಂಡರು. ಎರಡನೇ ವಾರದಿಂದಲೇ ಕಂತು ಶುರು. ಕಟ್ಟಲು ದುಡ್ಡಿಲ್ಲ, ಮನೆ ತುಂಬ ಹಪ್ಪಳ. ಮೇ ಮುಗಿಯುವ ಮೊದಲೇ ನೂರರ ಕಟ್ಟುಗಳನ್ನು ಅಂಗಡಿಯವರು ಹೇಳಿದ ರೇಟಿಗೆ ಕೊಟ್ಟುಬಿಟ್ಟರು. ಆಗಸ್ಟ್‌ನಲ್ಲಿ ಅದೇ ಕಟ್ಟು ಒಂದೂವರೆ ಪಟ್ಟು ಬೆಲೆಗೆ ಹೋಗುತ್ತಿತ್ತು. ಅವರ ಹಪ್ಪಳದಲ್ಲಿ ಯಾವ ತಪ್ಪೂ ಇರಲಿಲ್ಲ. ಮೂರು ತಿಂಗಳು ಕಾಯುವಷ್ಟು ಉಸಿರು ಇರಲಿಲ್ಲ, ಅಷ್ಟೇ. ಆ ಪುಟ ಬರೆಯುವಾಗ ನನಗೆ ತುಂಬಾ ಸಂಕಟವಾಗಿತ್ತು. ಮುಂದಿನ ವರ್ಷ ಸಂಘದಿಂದಲೇ ಕೊಟ್ಟೆವು, ಸೆಪ್ಟೆಂಬರ್‌ವರೆಗೆ ಕೇಳಲಿಲ್ಲ. ಪೂರ್ತಿ ವಾಪಸ್ ಬಂತು.

ನಿಮ್ಮ ಕರಾವಳಿಯ ಒಣಮೀನೂ ಹೀಗೇ ಅಲ್ವಾ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೇಸಿಗೆಯಲ್ಲಿ ಒಣಗಿಸಿ ಇಟ್ಟ ಮೀನಿಗೆ ಆಗ ಗಿರಾಕಿ ಜಾಸ್ತಿ. ಅಂಥವರಿಗೆ ಮೇ ತಿಂಗಳ ಕಂತು ಅಂದರೆ ಕುತ್ತಿಗೆಗೆ ಹಗ್ಗ. ಬುಟ್ಟಿ ಹೊತ್ತು ದಿನಾ ಹಸಿಮೀನು ಮಾರುವವರ ಲೆಕ್ಕ ಬೇರೆ. ಸಂಜೆಗೆ ಕೈಗೆ ಕಾಸು ಬರುತ್ತದೆ, ಸಣ್ಣ ಕಂತು ಅವರಿಗೆ ಭಾರ ಆಗೋದಿಲ್ಲ. ಪೇಟೆಯ ಬೀದಿಯಲ್ಲಿ ಕೂತು ಮಾರುವವರಾದರೆ ಬ್ಯಾಂಕಿನಲ್ಲಿ ಪಿಎಂ ಸ್ವನಿಧಿ, ಅಂದರೆ ಬೀದಿ ವ್ಯಾಪಾರಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಸಾಲ ಯೋಜನೆ, ಕೇಳಿ ನೋಡಿ. ಮೊದಲ ಸಾಲ 10,000 ಇದ್ದದ್ದು 2025ರಲ್ಲಿ 15,000 ಆಗಿದೆ. ಇನ್ನೂ ಜಾಸ್ತಿ ಬೇಕಾದರೆ ಸಣ್ಣ ವ್ಯಾಪಾರಕ್ಕೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ, 50,000ದವರೆಗೆ, ಅಡಮಾನ ಬೇಡ. ಸಹಿ ಹಾಕುವ ಮೊದಲು ಕಂತು ಯಾವ ತಿಂಗಳಿಂದ ಅಂತ ಮ್ಯಾನೇಜರ್ ಹತ್ತಿರ ಬಾಯಿಬಿಟ್ಟು ಕೇಳಿ. ಆ ಹೆಂಗಸರ ಜೊತೆ ನೀವೂ ಬ್ಯಾಂಕಿಗೆ ಹೋಗಿ. ಪಕ್ಕದಲ್ಲಿ ಒಬ್ಬರು ಇದ್ದರೆ ಕೇಳಲು ಧೈರ್ಯ ಬರುತ್ತದೆ.

ಇನ್ನೊಂದು. ದುಡ್ಡು ಕೊಡುವ ಮೊದಲು ಒಬ್ಬೊಬ್ಬರ ಜೊತೆ ಒಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿ. ನಮ್ಮ ಹಪ್ಪಳದವರು ಖರ್ಚು ಅಂತ ಹೇಳಿದ್ದು ಮೆಣಸು, ಉಪ್ಪು, ಕೊತ್ತಂಬರಿ ಮಾತ್ರ. ಹಲಸು ನಮ್ಮ ಮರದ್ದೇ, ಕಟ್ಟಿಗೆ ಬೆಟ್ಟದ್ದು, ಕೆಲಸ ನನ್ನದೇ ಅಂದರು. ಅವರ ಎರಡು ತಿಂಗಳ ದುಡಿಮೆಗೆ ಆ ಲೆಕ್ಕದಲ್ಲಿ ಸೊನ್ನೆ! ಕೂಲಿ ಸೇರಿಸಿ ಬೆಲೆ ಹಾಕಿದ ಮೇಲೇ ಕೈಯಲ್ಲಿ ನಾಲ್ಕು ಕಾಸು ಉಳಿದದ್ದು.

ತಿನ್ನುವ ಪದಾರ್ಥ ಆದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐಯಲ್ಲಿ ನೋಂದಣಿ ಮಾಡಿಸಿ. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು. ಕೆಲಸ ಕಲಿಯಬೇಕು ಅನ್ನುವವರನ್ನು ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಗೆ (ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸುವ ಕೇಂದ್ರ) ಕಳಿಸಬಹುದು, ತರಬೇತಿ ಉಚಿತ.

50,000 ಪೂರ್ತಿ ಒಂದೇ ಸಲ ಹಂಚಬೇಡಿ. ತಲೆಗೆ 8,000 ಕೊಟ್ಟು ಉಳಿದದ್ದು ಇಟ್ಟುಕೊಳ್ಳಿ, ಮಧ್ಯೆ ಯಾರ ಮನೆಯಲ್ಲಾದರೂ ಕಾಯಿಲೆ ಬಂದರೆ ಬೇಕಾಗುತ್ತದೆ. ಒಣಗಿಸುವ ಕೆಲಸದವರಿಗೆ ಮಾರ್ಚ್‌ನಲ್ಲೇ ಕೊಡಿ. ಮೇ ಕೊನೆಗೆ ಕೊಟ್ಟರೆ ದುಡ್ಡು ಇರುತ್ತದೆ, ಬಿಸಿಲು ಇರೋದಿಲ್ಲ.