ಪರಾವಲಂಬಿ ತಾನಿರುವ ಮೈಯನ್ನು ಬೇಗನೆ ಏಕೆ ಕೊಲ್ಲುವುದಿಲ್ಲ?

ಪರಾವಲಂಬಿ ಎಂದರೇನು, ನಮ್ಮನ್ನೇ ಉಂಡು ಬದುಕುವ ಜೀವಿ ನಮ್ಮನ್ನು ಬೇಗನೆ ಏಕೆ ಕೊಲ್ಲುವುದಿಲ್ಲ ಎಂದು ಕೇಳಿದ್ದೀರಿ. ಇನ್ನೊಂದು ಜೀವಿಯ ಮೈಮೇಲೋ ಮೈಯೊಳಗೋ ನೆಲೆಸಿ, ಅದಕ್ಕೆ ಹಾನಿ ಮಾಡುತ್ತಲೇ ಬದುಕುವುದು ಪರಾವಲಂಬಿ. ವೈದ್ಯರು ಈ ಹೆಸರಿನಡಿ ಮಲೇರಿಯಾ ತರುವ ಪ್ಲಾಸ್ಮೋಡಿಯಂನಂಥ ಏಕಕೋಶ ಜೀವಿಗಳನ್ನು, ಕೊಕ್ಕೆಹುಳು, ಜಂತುಹುಳುಗಳನ್ನು ಮತ್ತು ಹೇನು, ಉಣ್ಣೆಗಳನ್ನು ಸೇರಿಸುತ್ತಾರೆ. ಬ್ಯಾಕ್ಟೀರಿಯಾ, ವೈರಸ್‌ಗಳದು ಬೇರೆ ಅಧ್ಯಾಯ. (ಮಂಗನ ಕಾಯಿಲೆಯಲ್ಲಿ ಕಚ್ಚುವ ಉಣ್ಣೆ ಪರಾವಲಂಬಿಯಾದರೂ ಕಾಯಿಲೆಗೆ ಕಾರಣ ಅದು ಹೊತ್ತು ತರುವ ವೈರಸ್.)

ತನ್ನ ಮರಿಗಳು ಮುಂದಿನ ಮೈ ಸೇರುವವರೆಗೂ ಈ ಮೈ ಓಡಾಡಿಕೊಂಡಿದ್ದರೆ ಪರಾವಲಂಬಿಗೇ ಲಾಭ. ಇದು ನನಗೆ ಅರ್ಥವಾದದ್ದು ನಾರುಹುಣ್ಣಿನಿಂದ, ಅಂದರೆ ದಾರದಂಥ ಉದ್ದನೆಯ ಹುಳು ಚರ್ಮ ಸೀಳಿ ಹೊರಬರುವ ರೋಗದಿಂದ. ರಾಯಚೂರು ಸೀಮೆಯ ನಮ್ಮ ಅಜ್ಜನ ಹರಡಿನ ಬಳಿ ನಾಣ್ಯದಷ್ಟು ಅಗಲದ, ನುಣುಪಾದ ಕಲೆಯೊಂದಿತ್ತು. ಸಣ್ಣ ಕಡ್ಡಿಗೆ ಹುಳುವಿನ ತುದಿ ಸುತ್ತಿ, ದಿನಕ್ಕೆ ಒಂದೆರಡು ಬೆರಳಿನಷ್ಟೇ ಎಳೆಯುತ್ತ, ಬಿತ್ತನೆಯ ದಿನಗಳನ್ನೆಲ್ಲ ಕಟ್ಟೆಯ ಮೇಲೆ ಕೂತು ಕಳೆದೆನೆಂದು ಅವರು ಹೇಳುತ್ತಿದ್ದರು. ಅವಸರಪಟ್ಟು ಎಳೆದರೆ ಹುಳು ಒಳಗೇ ತುಂಡಾಗಿ ಕಾಲು ಬಾತು ಕೀವಾಗುತ್ತಿತ್ತು.

ಈ ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದಂಥ ನೀರುಜೀವಿಯೊಳಗೆ ಸೇರಿಕೊಂಡಿರುತ್ತವೆ. ಸೋಸದೆ ಕುಡಿದ ನೀರಿನೊಂದಿಗೆ ಅದು ಹೊಟ್ಟೆ ಸೇರಿದಾಗ ಸೈಕ್ಲಾಪ್ಸ್ ಜೀರ್ಣವಾಗಿ ಹೋಗುತ್ತದೆ, ಮರಿಗಳು ಉಳಿದು ಕರುಳಿನ ಗೋಡೆ ದಾಟುತ್ತವೆ. ಹೆಚ್ಚುಕಡಿಮೆ ಒಂದು ವರ್ಷದ ತನಕ ಯಾವ ಸುಳಿವೂ ಸಿಗುವುದಿಲ್ಲ. ಆಮೇಲೆ ಒಂದು ಮೀಟರಿನವರೆಗೂ ಬೆಳೆದ ಹೆಣ್ಣುಹುಳು ಸಾಮಾನ್ಯವಾಗಿ ಕಾಲಿನಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಆ ಉರಿ ತಾಳಲಾರದೆ ಮನುಷ್ಯ ಮೆಟ್ಟಿಲುಬಾವಿಗಿಳಿದು ಕಾಲು ನೀರಲ್ಲಿ ಅದ್ದಿದ ಕೂಡಲೇ ಅದು ಲಕ್ಷಗಟ್ಟಲೆ ಮರಿಗಳನ್ನು ಆ ನೀರಿಗೇ ಬಿಡುತ್ತದೆ. ರೋಗಿಯನ್ನು ನೀರಿನ ತನಕ ನಡೆಸುವುದು ಹುಳುವೇ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಎಲ್ಲ ಪರಾವಲಂಬಿಗಳೂ ಇಷ್ಟು ತಾಳ್ಮೆಯವಲ್ಲ. ಪ್ಲಾಸ್ಮೋಡಿಯಂನ ಒಂದು ಬಗೆಯಾದ ಫಾಲ್ಸಿಪಾರಂ ತರುವ ಮಲೇರಿಯಾ ಕೆಲವೇ ದಿನಗಳಲ್ಲಿ ಜೀವ ತೆಗೆಯಬಲ್ಲದು. ಹಾಸಿಗೆ ಹಿಡಿದ ರೋಗಿಯನ್ನೂ ಸೊಳ್ಳೆ ಹುಡುಕಿಕೊಂಡು ಬರುವುದರಿಂದ ಆ ಜೀವಿಗೆ ಅವನು ನಡೆದಾಡುವ ಅಗತ್ಯವಿಲ್ಲ ಎಂಬ ವಿವರಣೆಯೂ ಇದೆ.

ನಾರುಹುಣ್ಣಿಗೆ ಲಸಿಕೆಯಾಗಲಿ, ಹುಳುವನ್ನು ಕೊಲ್ಲುವ ಮಾತ್ರೆಯಾಗಲಿ ಇರಲಿಲ್ಲ. ಆದರೂ ಬಟ್ಟೆಯಲ್ಲಿ ನೀರು ಸೋಸಿಸಿ, ಸೈಕ್ಲಾಪ್ಸ್ ಸಾಯಲು ಬಾವಿಗಳಿಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕಿ, ಕೈಪಂಪುಗಳನ್ನು ನೆಟ್ಟು ರೋಗವನ್ನು ತಡೆದರು. ಭಾರತದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ರೋಗಮುಕ್ತವೆಂದು ಘೋಷಿಸಿತು. ಅಜ್ಜ ಕಾಲು ಅದ್ದುತ್ತಿದ್ದ ಬಾವಿಯ ಮೆಟ್ಟಿಲುಗಳನ್ನು ಅದಕ್ಕೂ ಮೊದಲೇ ಮುಚ್ಚಿ, ಸುತ್ತ ಕಟ್ಟೆ ಕಟ್ಟಿ ರಾಟೆ ಹಾಕಿದ್ದರು.