ಪ್ರತಿಕ್ರಿಯೆ: ನೈಲಾನ್ ಹೆಚ್ಚಿಸಬೇಡಿ, ಬೆಸುಗೆ ನೋಡಿಕೊಳ್ಳಿ

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ಗೆ ಶೇ. 30 ನೈಲಾನ್-6 ಬೆರೆಸಿದರೂ, ಎಳೆದು ಪರೀಕ್ಷಿಸಲು ಮಾಡಿದ ಪ್ಲಾಸ್ಟಿಕ್ ಪಟ್ಟಿ ಪಟಕ್ಕನೆ ಮುರಿಯುತ್ತಿದೆ, ನೈಲಾನ್ ಇನ್ನೂ ಹೆಚ್ಚಿಸಲೇ ಎಂದು ಕೇಳಿದ್ದೀರಿ. ಬೇಡ. ಇವೆರಡೂ ಎಣ್ಣೆ ನೀರಿನಂತೆ. ಕಾಳು ಕಾಳಾಗಿ ಬೆರೆಸಿದ ಮಾತ್ರಕ್ಕೆ ಒಂದಾಗುವುದಿಲ್ಲ.

ಮುರಿದ ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ನುಣುಪಾದ ಗುಂಡುಗಳು, ಪಕ್ಕದಲ್ಲೇ ಅಷ್ಟೇ ನುಣುಪಾದ ಕುಳಿಗಳು ಕಂಡರೆ ರೋಗ ಸಿಕ್ಕಿತೆಂದೇ ಲೆಕ್ಕ: ಹಲಸಿನ ತೊಳೆಯಿಂದ ಬೀಜ ಜಾರುವಂತೆ ನೈಲಾನ್ ಹನಿಗಳು ಜಾರಿಹೋಗಿವೆ. ಎಳೆತದ ಬಲ ಅವುಗಳಿಗೆ ದಾಟಲೇ ಇಲ್ಲ.

ಮ್ಯಾಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು ಸರಪಳಿಗೆ ಕಸಿ ಮಾಡಿದ ಪಾಲಿಪ್ರೊಪಿಲೀನನ್ನು ತೂಕದ ಶೇ. 3ರಿಂದ 5ರಷ್ಟು ಸೇರಿಸಿ ನೋಡಿ. ಎಕ್ಸ್‌ಟ್ರೂಡರ್‌ನಲ್ಲಿ (ಪ್ಲಾಸ್ಟಿಕನ್ನು ಕರಗಿಸಿ, ಸ್ಕ್ರೂವಿನಿಂದ ಕಲಸಿ, ಎಳೆಯಾಗಿ ಹೊರತಳ್ಳುವ ಯಂತ್ರ) ಕರಗಿರುವಾಗಲೇ ಅದರ ಅನ್‌ಹೈಡ್ರೈಡ್ ಗುಂಪು ನೈಲಾನ್ ಸರಪಳಿಯ ತುದಿಯ ಅಮೀನ್ ಗುಂಪಿನ ಜೊತೆ ವರ್ತಿಸಿ, ಎರಡೂ ಕಡೆ ಕಾಲಿಟ್ಟ ಹೊಸ ಸರಪಳಿ ಹುಟ್ಟುತ್ತದೆ. ಹನಿಗಳು ಸಣ್ಣಗಾಗುತ್ತವೆ, ಮತ್ತೆ ಕೂಡಿಕೊಳ್ಳುವುದಿಲ್ಲ, ಸುತ್ತಲಿನದನ್ನು ಗಟ್ಟಿಯಾಗಿ ಹಿಡಿಯುತ್ತವೆ. ಎರಡು ಸ್ಕ್ರೂಗಳ ಎಕ್ಸ್‌ಟ್ರೂಡರ್ ಇದ್ದರೆ ಒಳ್ಳೆಯದು. ಒಂದೇ ಸ್ಕ್ರೂ ಅಷ್ಟು ಚೆನ್ನಾಗಿ ಕಲಸುವುದಿಲ್ಲ.

ನೈಲಾನನ್ನು ಮೊದಲು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಒಣಗಿಸಿ, ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟಿದ್ದ ಚೀಲ ಬಳಸಿ ನಾನು ಇಡೀ ದಿನದ ಕೆಲಸ ಕೆಡಿಸಿಕೊಂಡಿದ್ದೇನೆ. ಹೊರಬಂದ ಎಳೆಯ ತುಂಬ ಗುಳ್ಳೆ.

ಇಷ್ಟಾದರೆ ಎಳೆತ ತಾಳುವ ಶಕ್ತಿ ಏರುತ್ತದೆ. ಹೊಡೆತ ತಾಳುವ ಗುಣ ಸಾಲದಿದ್ದರೆ ಅನ್‌ಹೈಡ್ರೈಡ್ ಕಸಿಯ ರಬ್ಬರ್ ಸ್ವಲ್ಪ ಸೇರಿಸಬಹುದು, ಬಿಗುಪು ಒಂದಿಷ್ಟು ಇಳಿಯುವುದಕ್ಕೆ ಸಿದ್ಧರಿದ್ದರೆ.