ಬೈನಾಕ್ಯುಲರ್ ಕೊಳ್ಳುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಬೈನಾಕ್ಯುಲರ್ ಬಗ್ಗೆ. ಹಕ್ಕಿ ನೋಡುವವರು, ಗದ್ದೆ ಕಾಯುವವರು, ಬೇಟೆಗಾರ ಅಳಿಯನಿಗೆ ಉಡುಗೊರೆ ಕೊಡಬೇಕೆಂದಿರುವವರು, ಎಲ್ಲರೂ ಬರೆದಿದ್ದಾರೆ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಿಷ್ಟಕ್ಕೆ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಸಾರ್, ನಾನು ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಹೊಳೆ ದಡದಲ್ಲಿ ವಾಕಿಂಗ್ ಹೋಗುತ್ತಾ ಹಕ್ಕಿ ನೋಡುವ ಹುಚ್ಚು ಹತ್ತಿದೆ. ರಂಗನತಿಟ್ಟಿಗೂ ಆಗಾಗ ಹೋಗುತ್ತೇನೆ. ಮೈಸೂರಿನ ಅಂಗಡಿಯೊಂದರಲ್ಲಿ 8×42, 10×50, 20×50 ಮೂರೂ ತೋರಿಸಿದರು. 20×50 ಜಾಸ್ತಿ ಹತ್ತಿರ ತೋರಿಸುತ್ತದೆ, ರೇಟೂ ಕಡಿಮೆ. ನಾನು ಕನ್ನಡಕ ಹಾಕುತ್ತೇನೆ. ಯಾವುದು ತಗೊಳ್ಳಲಿ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೇಷ್ಟ್ರೇ, 8×42 ತಗೊಳ್ಳಿ. 20×50 ಬೇಡವೇ ಬೇಡ.

ಮೊದಲನೇ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು ಮೊದಲನೇ ಅಂಕಿ ತೋರಿಸಿಯೇ ವ್ಯಾಪಾರ ಮಾಡುತ್ತಾರೆ. ಆದರೆ 20 ಪಟ್ಟು ದೊಡ್ಡದಾಗುವುದು ಹಕ್ಕಿ ಮಾತ್ರ ಅಲ್ಲ, ನಿಮ್ಮ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಎಂಥ ಗಟ್ಟಿ ಕೈಯವರಿಗೂ 10ರ ಮೇಲೆ ಹೋದರೆ ಚಿತ್ರ ನಿಲ್ಲುವುದು ಕಷ್ಟ. ಇನ್ನು ದೋಣಿಯಲ್ಲಿ ಕೂತು 20ರಲ್ಲಿ ನೋಡಿದರೆ ಕೊಕ್ಕರೆ ಯಾವುದು, ಕೊಂಬೆ ಯಾವುದು ಅಂತಲೇ ಗೊತ್ತಾಗುವುದಿಲ್ಲ. ರಂಗನತಿಟ್ಟಿನಲ್ಲಂತೂ ದೋಣಿಯವರು ಗೂಡುಗಳ ಅಷ್ಟು ಹತ್ತಿರ ಕರೆದುಕೊಂಡು ಹೋಗುತ್ತಾರೆ, 8 ಧಾರಾಳವಾಗಿ ಸಾಕು. ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಹಲ್ಲು ಎಣಿಸಬಹುದು.

ಎರಡನೇ ಮಾತು, ನೋಟದ ಅಗಲ. ಒಳ್ಳೆಯ 8×42ರಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ಜಾಗ ಕಾಣುತ್ತದೆ. 20×50ರಲ್ಲಿ ಸಾಮಾನ್ಯವಾಗಿ ಅದರ ಅರ್ಧವೂ ಕಾಣುವುದಿಲ್ಲ. ನೀರ ಮೇಲೆ ಸರ್ರನೆ ಹೋಗುವ ಮಿಂಚುಳ್ಳಿಯನ್ನು ಅಷ್ಟು ಸಣ್ಣ ಕಿಂಡಿಯಲ್ಲಿ ಹುಡುಕುವ ಹೊತ್ತಿಗೆ ಅದು ಆಚೆ ದಡ ಸೇರಿರುತ್ತದೆ.

ಮೂರನೆಯದು ಬೆಳಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 42ನ್ನು 8ರಿಂದ ಭಾಗಿಸಿದರೆ 5.25. ಅಂದರೆ ಐದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲದ ಬೆಳಕಿನ ಕಂಬ ನಿಮ್ಮ ಕಣ್ಣಿಗೆ ಬರುತ್ತದೆ. 20×50ರಲ್ಲಿ ಬರುವುದು ಎರಡೂವರೆ ಮಾತ್ರ. ನಡು ಮಧ್ಯಾಹ್ನ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಆಗ ವ್ಯತ್ಯಾಸ ಕಾಣುವುದಿಲ್ಲ. ಅಂಗಡಿಯಲ್ಲಿ ಮೋಸ ಹೋಗುವುದು ಹೀಗೇ. ನಸುಕಿನಲ್ಲಿ ಪಾಪೆ ಅಗಲವಾಗುತ್ತದೆ, ಆಗ 20×50 ಕಪ್ಪು ಕಪ್ಪಾಗಿ ತೋರಿಸುತ್ತದೆ. ಹಕ್ಕಿಗಳು ಚುರುಕಾಗಿರುವುದೂ ಅದೇ ಹೊತ್ತಿನಲ್ಲಿ.

ಇದನ್ನು ಅಂಗಡಿಯಲ್ಲೇ ಕಣ್ಣಾರೆ ನೋಡಬಹುದು. ಬೈನಾಕ್ಯುಲರನ್ನು ಬೆಳಕಿನ ಕಡೆ ತಿರುಗಿಸಿ, ಕೈ ಚಾಚಿ ಹಿಡಿದು, ಕಣ್ಣಿಡುವ ಗಾಜನ್ನು ದೂರದಿಂದಲೇ ನೋಡಿ. ಅದರ ನಡುವೆ ಬೆಳ್ಳಗೆ ಹೊಳೆಯುವ ಒಂದು ಚುಕ್ಕಿ ಕಾಣುತ್ತದೆ. ನಾನು ಹೇಳಿದ ಬೆಳಕಿನ ಕಂಬ ಅದೇ. ಅದು ಪೂರ್ತಿ ಗುಂಡಗೆ, ಅಂಚಿನವರೆಗೂ ಒಂದೇ ಸಮ ಬೆಳ್ಳಗಿದ್ದರೆ ಒಳಗಿನ ಪ್ರಿಸಂ, ಅಂದರೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಒಳ್ಳೆಯದು. ನಾಲ್ಕು ಕಡೆ ಬೂದು ನೆರಳು ಬಿದ್ದು ಚೌಕದ ಹಾಗೆ ಕಂಡರೆ ಅಗ್ಗದ ಗಾಜು ಹಾಕಿದ್ದಾರೆ ಅಂತ. ವಿವರದಲ್ಲಿ 'ಬಿಎಕೆ 4 ಪ್ರಿಸಂ' (ಒಳ್ಳೆ ಜಾತಿಯ ಗಾಜು), 'ಫುಲ್ಲಿ ಮಲ್ಟಿ ಕೋಟೆಡ್' (ಎಲ್ಲ ಗಾಜಿಗೂ ಹಲವು ಪದರದ ಲೇಪ), 'ವಾಟರ್‌ಪ್ರೂಫ್' ಇವು ಮೂರು ಇವೆಯಾ ನೋಡಿ. ಒಳಗೆ ನೈಟ್ರೋಜನ್ ತುಂಬಿದ್ದರೆ ಚಳಿಗಾಲದ ಬೆಳಿಗ್ಗೆ ಒಳಗಾಜಿಗೆ ಮಂಜು ಕೂರುವುದಿಲ್ಲ. ಮುಂದಿನ ಗಾಜು ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿದ್ದರೆ ಮುಟ್ಟಬೇಡಿ. ಆ ಲೇಪ ಕೆಂಪು ಬೆಳಕನ್ನು ಆಚೆಗೇ ಕಳಿಸಿಬಿಡುತ್ತದೆ, ಒಳಗೆ ಎಲ್ಲ ಹಸಿರು ಹಸಿರಾಗಿ ಕಾಣುತ್ತದೆ. ಹಕ್ಕಿಯ ಬಣ್ಣವೇ ಸರಿಯಾಗಿ ಕಾಣದಿದ್ದರೆ ಏನು ಪ್ರಯೋಜನ?

ಕನ್ನಡಕದ ಬಗ್ಗೆ: 'ಐ ರಿಲೀಫ್' ಅಂತ ಒಂದು ಅಳತೆ ಕೊಟ್ಟಿರುತ್ತಾರೆ, ಕಣ್ಣಿಡುವ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ನೋಟ ಪೂರ್ತಿ ಕಾಣುತ್ತದೆ ಅನ್ನುವುದು. ಕನ್ನಡಕ ಹಾಕುವವರಿಗೆ ಅದು 16 ಮಿಲಿಮೀಟರ್ ಆದರೂ ಇರಬೇಕು. ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ತಿರುಗಿಸಿ ಪೂರ್ತಿ ಕೆಳಗಿಳಿಸಿ, ಕನ್ನಡಕ ಹಾಕಿಕೊಂಡೇ ನೋಡಿ. ಸುತ್ತ ಕಪ್ಪು ಅಂಚು ಬಂದು ನೋಟ ಕಿರಿದಾದರೆ ಅದು ನಿಮಗಲ್ಲ. ಕಂಪನಿಗಳಲ್ಲಿ ನಿಕಾನ್ ಪ್ರೋಸ್ಟಾಫ್ ಪಿ3, ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ ಎರಡರಲ್ಲೂ 8×42 ಸಿಗುತ್ತದೆ, ಶುರು ಮಾಡುವವರಿಗೆ ಎರಡೂ ಒಳ್ಳೆಯವು. ಕೊಳ್ಳುವಾಗ ಅಂಗಡಿಯಿಂದ ಹೊರಗೆ ಬಂದು ದೂರದ ಕರೆಂಟ್ ತಂತಿಯನ್ನು ಒಮ್ಮೆ ನೋಡಿ. ಒಂದು ತಂತಿ ಎರಡಾಗಿ ಕಂಡರೆ, ಸರಿಹೊಂದಿಸಿದರೂ ಕೂಡದಿದ್ದರೆ, ಯಾವ ಡಿಸ್ಕೌಂಟಿಗೂ ಮರುಳಾಗದೆ ವಾಪಸ್ ಕೊಡಿ.

ಪ್ರಶ್ನೆ: ನಮ್ಮ ಮನೆ ಕಬ್ಬಿನ ಗದ್ದೆ ಪಕ್ಕದಲ್ಲೇ ಇದೆ. ಹಂದಿ ಕಾಟ ಇದ್ದೇ ಇದೆ, ಈಗ ಚಿರತೆ ಓಡಾಟವೂ ಇದೆ ಅಂತಾರೆ. ಕತ್ತಲಾಗೋ ಹೊತ್ತಿಗೆ ತಾರಸಿ ಮೇಲಿಂದ ನೋಡೋಕೆ ಒಂದು ಬೇಕು. ಆನ್‌ಲೈನ್‌ನಲ್ಲಿ '100×180 ನೈಟ್ ವಿಷನ್' ಅಂತ 1,500 ರೂಪಾಯಿಗೆ ಬರ್ತಿದೆ. ತರಿಸಲಾ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ತರಿಸಬೇಡಿ. 180 ಅಂದರೆ ಮುಂದಿನ ಗಾಜು 18 ಸೆಂಟಿಮೀಟರ್ ಅಗಲ ಇರಬೇಕು, ಒಂದೊಂದು ಗಾಜೂ ಊಟದ ತಟ್ಟೆಯ ಹತ್ತಿರ ಬರುತ್ತದೆ. ಫೋಟೋದಲ್ಲಿ ಅದು ಹುಡುಗನ ಅಂಗೈಯಲ್ಲಿ ಕೂತಿರುತ್ತದೆ. ಅಲ್ಲೇ ಗೊತ್ತಾಗುತ್ತದೆ ಅಲ್ವಾ, ಅಂಕಿ ಸುಮ್ನೆ ಬರೆದದ್ದು ಅಂತ. ನಿಜವಾದ ನೈಟ್ ವಿಷನ್‌ಗೆ ಬ್ಯಾಟರಿ ಬೇಕು, ಒಳಗೆ ಎಲೆಕ್ಟ್ರಾನಿಕ್ಸ್ ಬೇಕು. ಬರೀ ಗಾಜಿನ ಬೈನಾಕ್ಯುಲರ್ ಇರುವ ಬೆಳಕನ್ನು ಒಟ್ಟುಮಾಡಿ ಕೊಡುತ್ತದೆಯೇ ಹೊರತು ಇಲ್ಲದ ಬೆಳಕನ್ನು ತರುವುದಿಲ್ಲ.

ಮುಸ್ಸಂಜೆಗೆ 7×50 ಚೆನ್ನಾಗಿರುತ್ತದೆ, ಭಾಗಿಸಿದರೆ ಸುಮಾರು 7 ಬರುತ್ತದೆ. ಆದರೆ ಅಷ್ಟು ಬೆಳಕನ್ನು ಒಳಗೆ ಬಿಟ್ಟುಕೊಳ್ಳಲು ಪಾಪೆಯೂ 7 ಮಿಲಿಮೀಟರ್ ಅರಳಬೇಕು. ಹರೆಯದಲ್ಲಿ ಅರಳುತ್ತದೆ, ಐವತ್ತು ದಾಟಿದವರಿಗೆ ಹೆಚ್ಚಾಗಿ 5ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಮಗೆ ವಯಸ್ಸಾಗಿದ್ದರೆ 8×42 ಸಾಕು, ಕೈಗೂ ಹಗುರ.

ಇನ್ನೊಂದು ವಿಷಯ, ಇದನ್ನು ನಾನು ಹೇಳಲೇಬೇಕು. ಆಳೆತ್ತರ ಬೆಳೆದ ಕಬ್ಬಿನೊಳಗೆ ಯಾವ ಬೈನಾಕ್ಯುಲರೂ ಏನೂ ತೋರಿಸುವುದಿಲ್ಲ. ಬದು, ಕಾಲುವೆ ಏರಿ, ಕಟಾವಾದ ಬಯಲು, ಇವನ್ನು ಮಾತ್ರ ನೋಡಬಹುದು. ಚಿರತೆ ಕಂಡರೆ ತಾರಸಿಯಿಂದ ಇಳಿಯಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಕಬ್ಬು ಕಡಿಯುವಾಗ ಮರಿ ಸಿಕ್ಕರೆ ಎತ್ತಿಕೊಂಡು ಸೆಲ್ಫಿ ತೆಗೆಯುವುದು ಬೇಡ, ಹಾಗೇ ಬಿಟ್ಟು ದೂರ ಬನ್ನಿ. ತಾಯಿ ಹೆಚ್ಚಾಗಿ ಅಲ್ಲೇ ಎಲ್ಲೋ ಇರುತ್ತದೆ. ಹಂದಿಗೆ ಅಂತ ಉರುಳು ಹಾಕುವುದು, ಬೇಲಿಗೆ ನೇರವಾಗಿ ಲೈನ್ ಕರೆಂಟ್ ಕೊಡುವುದು ಕಾನೂನಿಗೆ ವಿರುದ್ಧ. ಅದರಲ್ಲಿ ಚಿರತೆಯೂ ಸಾಯುತ್ತದೆ, ಬೆಳಿಗ್ಗೆ ನೀರು ಕಟ್ಟಲು ಹೋದ ಮನುಷ್ಯನೂ ಸಾಯುತ್ತಾನೆ.

ಪ್ರಶ್ನೆ: ನನ್ನ ಅಳಿಯ ಅಮೆರಿಕದಲ್ಲಿದ್ದಾರೆ. ಅಲ್ಲಿ ಲೈಸೆನ್ಸ್ ತಗೊಂಡು ಸ್ನೇಹಿತರ ಜೊತೆ ಜಿಂಕೆ ಬೇಟೆಗೆ ಹೋಗುತ್ತಾರಂತೆ. ಹುಟ್ಟುಹಬ್ಬಕ್ಕೆ ಬೈನಾಕ್ಯುಲರ್ ಕೊಡೋಣ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ಬೇಟೆಯದ್ದೇ ಬೇರೆ ಥರ ಇರುತ್ತದಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮ, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಬೇಕು ಅನ್ನುವವನು ನಾನು. ಅಲ್ಲಿ ಇಂಥ ತಿಂಗಳು, ಇಷ್ಟೇ ಪ್ರಾಣಿ ಅಂತ ಸರ್ಕಾರವೇ ನಿಯಮ ಮಾಡಿ ಲೈಸೆನ್ಸ್ ಕೊಡುತ್ತದೆ.

ಗಾಜು ಬೇರೆ ಏನಲ್ಲ, ಒಳ್ಳೆಯ ಹಕ್ಕಿ ಬೈನಾಕ್ಯುಲರ್ ಬೇಟೆಗೂ ಒಳ್ಳೆಯದೇ. ಅಳಿಯಂದಿರು ಯಾವ ಕಡೆ ಹೋಗುತ್ತಾರೆ ಅಂತ ಮಗಳನ್ನು ಮೊದಲು ಕೇಳಿ. ಕೊಲರಾಡೊ, ಮೊಂಟಾನಾ ಥರದ ಪಶ್ಚಿಮದ ರಾಜ್ಯಗಳಲ್ಲಿ ತೆರೆದ ಬೆಟ್ಟ, ಕಣಿವೆ. ಅಲ್ಲಿನವರು ಒಂದೇ ಕಡೆ ಕೂತು ಎದುರು ಬೆಟ್ಟವನ್ನು ಗಂಟೆಗಟ್ಟಲೆ ಸೋಸುತ್ತಾರೆ, ಅದಕ್ಕೆ 10×42 ಸರಿ. ಟ್ರೈಪಾಡಿಗೆ ಕೂರಿಸುವ ತೂತು ಇದ್ದರೆ ಇನ್ನೂ ಒಳ್ಳೆಯದು. ಪೂರ್ವದ ಕಡೆ, ಪೆನ್ಸಿಲ್ವೇನಿಯಾ ಥರದ ದಟ್ಟ ಕಾಡಾದರೆ ಮರಗಳ ಸಂದಿಯಲ್ಲಿ ಒಂದು ಕಿವಿಯೋ ಬಾಲವೋ ಅಲ್ಲಾಡಿದ್ದು ಕಾಣಬೇಕು, ಅಲ್ಲಿ ಅಗಲ ನೋಟದ 8×42 ವಾಸಿ. ಜರ್ಮನಿಯ ಬೇಟೆಗಾರರು ಅಟ್ಟಣೆ ಮೇಲೆ ಕತ್ತಲಲ್ಲಿ ಕಾಯಲು 8×56 ಇಟ್ಟುಕೊಳ್ಳುತ್ತಾರೆ. ಅದು ಒಂದು ಕಿಲೋ ದಾಟುತ್ತದೆ, ಕತ್ತಿಗೆ ಹಾಕಿಕೊಂಡು ಬೆಟ್ಟ ಹತ್ತುವ ಸಾಮಾನಲ್ಲ. ದೂರ ಅಳೆಯುವ ಲೇಸರ್ ಸೇರಿಸಿದ್ದೂ ಸಿಗುತ್ತದೆ, ರೇಟು ತುಂಬ ಜಾಸ್ತಿ.

ಈ ಉಡುಗೊರೆ ದಂಡ ಅಂತ ಅಂದುಕೊಳ್ಳಬೇಡಿ. ಕೆಲವರು ಬಂದೂಕಿನ ಮೇಲಿನ ದುರ್ಬೀನಿನಲ್ಲೇ ಆಚೆ ಈಚೆ ನೋಡುತ್ತಾರೆ. ಹಾಗೆ ನೋಡಿದರೆ ಪೊದೆ ಹಿಂದೆ ಇರುವುದು ಜಿಂಕೆಯೋ ಮನುಷ್ಯನೋ ಗೊತ್ತಾಗುವ ಮೊದಲೇ ನಳಿಗೆ ಆ ಕಡೆ ತಿರುಗಿರುತ್ತದೆ. ಮೊದಲು ಬೈನಾಕ್ಯುಲರ್, ಆಮೇಲೆ ಬಂದೂಕು ಅನ್ನುವುದನ್ನು ಅಲ್ಲಿ ಹೊಸಬರಿಗೆ ಹೇಳಿಕೊಡುತ್ತಾರೆ. ಇಲ್ಲಿಂದ ಕೊಂಡು ಕಳಿಸುವ ಬದಲು ಮಗಳ ಕೈಲಿ ಅಲ್ಲೇ ಕೊಡಿಸಿ. ರಿಪೇರಿ, ಗ್ಯಾರಂಟಿ ಎಲ್ಲ ಸುಲಭ. ಎದೆಗೆ ಕಟ್ಟಿಕೊಳ್ಳುವ ಪಟ್ಟಿಯನ್ನೂ ಸೇರಿಸಿ ಕೊಟ್ಟರೆ ಕತ್ತು ನೋಯುವುದಿಲ್ಲ.

ಪ್ರಶ್ನೆ: ಹದಿನಾರು ಗ್ರಾಮದ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಹೋಗೋಣ ಅಂತ 10×42 ಕೊಂಡಿದ್ದೇನೆ. ಒಳ್ಳೆ ಕಂಪನಿದೇ. ಆದರೂ ಸ್ವಲ್ಪ ಹೊತ್ತಿಗೇ ತಲೆ ನೋಯುತ್ತದೆ, ಯಾವುದೂ ಪೂರ್ತಿ ಸ್ಪಷ್ಟ ಇರುವುದಿಲ್ಲ. ವಾಪಸ್ ಮಾಡಲಾ?
– ಕಾಲೇಜು ವಿದ್ಯಾರ್ಥಿನಿ, ನಂಜನಗೂಡು

ಉತ್ತರ: ತಡೀರಿ, ಮೊದಲು ಇದನ್ನು ಮಾಡಿ ನೋಡಿ. ಎರಡು ಕೊಳವೆಗಳನ್ನು ನಡುವಿನ ಕೀಲಿನಲ್ಲಿ ಮಡಚುತ್ತಾ ಬಿಚ್ಚುತ್ತಾ ಹೋಗಿ. ಎರಡು ವೃತ್ತ ಸೇರಿ ಒಂದೇ ವೃತ್ತವಾದಾಗ ನಿಲ್ಲಿಸಿ. ಆಮೇಲೆ ಬಲಗಣ್ಣಿನ ಹತ್ತಿರ ತಿರುಗುವ ಒಂದು ಬಳೆ ಇರುತ್ತದೆ, ಪಕ್ಕದಲ್ಲಿ ಪ್ಲಸ್ಸು ಮೈನಸ್ಸು ಗುರುತು. ಅದೇ ಡಯಾಪ್ಟರ್. ನಮ್ಮ ಎರಡು ಕಣ್ಣಿನ ಪವರ್ ಸಾಮಾನ್ಯವಾಗಿ ಒಂದೇ ಇರುವುದಿಲ್ಲ, ಅದನ್ನು ಸರಿದೂಗಿಸಲು ಇರುವುದು ಇದು. ಬಲಗಡೆಯ ಮುಂದಿನ ಗಾಜಿಗೆ ಅಂಗೈ ಅಡ್ಡ ಹಿಡಿಯಿರಿ. ಎರಡು ಕಣ್ಣೂ ತೆರೆದೇ ಇರಲಿ, ಕಣ್ಣು ಕಿವುಚಬೇಡಿ. ದೂರದ ಬೋರ್ಡಿನ ಅಕ್ಷರ ಎಡಗಣ್ಣಿಗೆ ಸ್ಪಷ್ಟವಾಗುವವರೆಗೂ ನಡುವಿನ ಚಕ್ರ ತಿರುಗಿಸಿ. ಈಗ ಕೈಯನ್ನು ಎಡಗಡೆಗೆ ಅಡ್ಡ ಹಿಡಿದು, ಚಕ್ರ ಮುಟ್ಟದೆ, ಆ ಬಳೆಯನ್ನು ಮಾತ್ರ ತಿರುಗಿಸಿ ಅದೇ ಅಕ್ಷರವನ್ನು ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಬಳೆ ಎಲ್ಲಿ ನಿಂತಿತೋ ಆ ಗುರುತು ನೆನಪಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ನಡುವಿನ ಚಕ್ರ ಒಂದೇ ಸಾಕು. ಕೆಲವು ಮಾಡೆಲ್‌ಗಳಲ್ಲಿ ಬಳೆ ಬೇರೆ ಕಡೆ ಇರುತ್ತದೆ, ಜೊತೆಗೆ ಬಂದ ಚೀಟಿ ನೋಡಿ.

ಎಷ್ಟೋ ಜನ ವರ್ಷಗಟ್ಟಲೆ ಈ ಬಳೆ ಮುಟ್ಟದೆ 'ನನ್ನ ಬೈನಾಕ್ಯುಲರ್ ಸರಿ ಇಲ್ಲ' ಅನ್ನುತ್ತಿರುತ್ತಾರೆ. ಇದಾದ ಮೇಲೂ ತಲೆ ನೋವು ಬಂದರೆ ಕೊಳವೆಗಳ ನೇರ ತಪ್ಪಿರಬಹುದು, ಆಗ ವಾಪಸ್ ಮಾಡಿ. ನಿಮ್ಮ 10 ಆ ಕೆರೆಗೆ ಸರಿಯಾದ ಆಯ್ಕೆಯೇ. ಹೆಬ್ಬಾತುಗಳು ನಡು ನೀರಿನಲ್ಲೋ ಆಚೆ ದಡದಲ್ಲೋ ಕೂತಿರುತ್ತವೆ, ನೀವು ಏರಿ ಮೇಲೆ ನಿಂತಿರುತ್ತೀರಿ. ಮೊಣಕೈಯನ್ನು ಮಂಡಿಗೆ ಊರಿ ಕೂತು ನೋಡಿ, ತಲೆ ಮೇಲಿನ ಎರಡು ಕಪ್ಪು ಪಟ್ಟೆ ಚೆನ್ನಾಗಿ ಕಾಣುತ್ತವೆ.

ಪ್ರಶ್ನೆ: ನಮ್ಮ ತಾತ ಬೇಟೆಗೆ ಒಯ್ಯುತ್ತಿದ್ದ ಹಳೇ ದುರ್ಬೀನು ಅಟ್ಟದಲ್ಲಿ ಸಿಕ್ಕಿದೆ. ಗಾಜಿನೊಳಗೆ ಬಿಳಿ ಜೇಡರ ಬಲೆ ಥರ ಏನೋ ಹರಡಿದೆ. ಬಳಸಬಹುದಾ?
– ಓದುಗರು, ಹುಣಸೂರು

ಉತ್ತರ: ಅದು ಬೂಷ್ಟು. ಚರ್ಮದ ಪೆಟ್ಟಿಗೆಯಲ್ಲಿ ತೇವದಲ್ಲಿ ಮುಚ್ಚಿಟ್ಟರೆ ಬರುತ್ತದೆ, ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ನೀವೇ ಬಿಚ್ಚಬೇಡಿ, ಪ್ರಿಸಂ ಒಂದು ಕೂದಲೆಳೆ ಜರುಗಿದರೂ ಚಿತ್ರ ಎರಡಾಗುತ್ತದೆ. ಕ್ಯಾಮೆರಾ ಲೆನ್ಸ್ ರಿಪೇರಿಯವರಿಗೆ ತೋರಿಸಿ. ಹೊಸದು ಕೊಂಡರೆ ಗಾಳಿಯಾಡುವ ಕಡೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹಳೆಯದರ ಜೊತೆ ಒಂದೇ ಡಬ್ಬಿಯಲ್ಲಿ ಬೇಡ. ಗಾಜನ್ನು ಪಂಚೆಯ ತುದಿಯಲ್ಲಿ ಒರೆಸುವ ಅಭ್ಯಾಸ ಇದ್ದರೆ ಬಿಡಿ. ಮೊದಲು ದೂಳು ಊದಿ, ಆಮೇಲೆ ಲೆನ್ಸ್ ಬಟ್ಟೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ನಮ್ಮದೇ 8×42 ಕೊಟ್ಟರೆ ಸಾಕಾ?
– ಓದುಗರು, ಮಂಡ್ಯ

ಉತ್ತರ: ಅದು ಅವನಿಗೆ ಭಾರ. ಅಲ್ಲದೆ ಮಕ್ಕಳ ಕಣ್ಣುಗಳ ನಡುವಿನ ಅಂತರ ಕಡಿಮೆ, ದೊಡ್ಡವರ ಎಷ್ಟೋ ಬೈನಾಕ್ಯುಲರ್ ಅಷ್ಟು ಮಡಚುವುದಿಲ್ಲ. ಒಂದೇ ಕಣ್ಣಲ್ಲಿ ನೋಡಿ ಬೇಜಾರಾಗಿ ಬಿಟ್ಟುಬಿಡುತ್ತಾನೆ. 6×30 ಅಥವಾ ಚಿಕ್ಕ 8×25 ಕೊಡಿಸಿ, ಅಂಗಡಿಯಲ್ಲಿ ಅವನ ಕಣ್ಣಿಗೇ ಇಟ್ಟು ನೋಡಿ ಕೊಳ್ಳಿ. ಪ್ಲಾಸ್ಟಿಕ್ ಗಾಜಿನ ಆಟಿಕೆ ಬೇಡ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳ ಮೇಲೇ ಗೂಡು ಕಟ್ಟುತ್ತವೆ, ಬೀದಿಯಲ್ಲಿ ನಿಂತರೆ ಸಾಕು, ಮರಿಗೆ ಗುಟುಕು ಕೊಡುವುದು ಅವನಿಗೂ ಕಾಣುತ್ತದೆ. ಕೊರಳಿಗೆ ಪಟ್ಟಿ ಹಾಕಿಯೇ ಕೈಗೆ ಕೊಡಿ. ಮರದ ಮೇಲೆ ನೋಡುವಾಗ ಸೂರ್ಯ ಅವನ ಬೆನ್ನಿಗೆ ಇರುವ ಹಾಗೆ ನಿಲ್ಲಿಸಿ. ಬೈನಾಕ್ಯುಲರಿನಲ್ಲಿ ಸೂರ್ಯನನ್ನು ಒಂದು ಗಳಿಗೆ ನೋಡಿದರೂ ಕಣ್ಣು ಹೋಗುತ್ತದೆ ಅಂತ ಮನೆಯಿಂದ ಹೊರಡುವ ಮೊದಲೇ ಹೇಳಿಡಿ.